ಕಾಡಿಗೆ ಹಚ್ಚಿದ ಪಳೆಯುಳಿಕೆ

ನನ್ನ ಹತ್ತಿರ ಕಲ್ಲಾದ ಒಂದು ಸೀ ಅರ್ಚಿನ್ ಇದೆ. ಸಮುದ್ರದ ತಳದಲ್ಲಿ ಮೈತುಂಬ ಮುಳ್ಳು ಹೊತ್ತು ತೆವಳುವ ಜೀವಿ ಅದು. ಮುಳ್ಳೆಲ್ಲ ಉದುರಿ ಚಿಪ್ಪು ಮಾತ್ರ ಕಲ್ಲಾಗಿ ಉಳಿದಾಗ ಅಂಗೈಯಲ್ಲಿ ಕೂರುವ ಪುಟ್ಟ ಗುಮ್ಮಟದಂತೆ ಕಾಣುತ್ತದೆ. ನೆತ್ತಿಯಿಂದ ಐದು ಎಸಳು ಇಳಿದಿರುತ್ತವೆ. ಸಂಗ್ರಾಹಕರಿಗೆಂದೇ ಇಂಥವನ್ನು ಮಾರುವವನೊಬ್ಬನಿಂದ ಆನ್‌ಲೈನ್‌ನಲ್ಲಿ ತರಿಸಿದ್ದೆ.

ಮೊದಲು ಬಂದದ್ದು ನಕಲಿ. ಅಸಲಿಯಾದರೆ ಎಸಳುಗಳ ಅಂಚಿನಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಜೋಡಿ ಸಾಲಾಗಿ ಇರಬೇಕು. ಭೂತಗನ್ನಡಿ ಹಿಡಿದು ನೋಡಿದರೆ ಇದರಲ್ಲಿ ಉಳಿಯಿಂದ ಗೀರಿದ ಗೆರೆಗಳಷ್ಟೇ ಇದ್ದವು. ಮಾರಿದವನ ಜೊತೆ ಜಗಳಕ್ಕೆ ಬಿದ್ದೆ. ನೋಡಲು ಇದೇ ಹೆಚ್ಚು ಚೆನ್ನಾಗಿದೆಯಲ್ಲ ಎಂದ. ಚೆನ್ನಾಗಿರುವುದು ಬೇಡ, ನಿಜವಾದದ್ದು ಬೇಕು ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಕೊನೆಗೆ ಅವನೇ ಬೇಸತ್ತು ಅಸಲಿಯನ್ನು ಕಳಿಸಿದ. ಈ ಜಗಳದ ಕಥೆಯನ್ನು ಫೋನಿನಲ್ಲಿ ಅಜ್ಜಿಗೆ ಕಂತು ಕಂತಾಗಿ ಹೇಳಿದ್ದೆ.

ಅಸಲಿ ಕೈಸೇರಿದ ಮೇಲೆ ಬಂದ ಭಾನುವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಪಾರ್ವತಿನಗರದ ನಮ್ಮ ಮನೆಯಿಂದ ಅಜ್ಜಿಯಿದ್ದ ಕುರುಗೋಡಿಗೆ ಹೋದೆ. ಸೋದರಮಾವನ ಹೆಂಡತಿ, ನನ್ನ ಅತ್ತೆ, ಬಾಗಿಲಲ್ಲೇ ಹಿಡಿದುಕೊಂಡಳು.

"ನೀನರ ಹೇಳವ್ವ ಆಕಿಗೆ. ಬೆಳಿಗ್ಗೆದ್ದು ಸಕ್ರಿ ಗುಳಿಗಿ ನುಂಗ್ಯಾಳ, ಆಮ್ಯಾಲೆ ಹೊಟ್ಟಿಗೆ ಏನೂ ಇಲ್ಲ. ನೀರು ಸೈತ ಒಲ್ಲೆ ಅಂತಾಳ."

ಆದದ್ದಿಷ್ಟು. ಹಿಂದಿನ ದಿನ ಸಿರುಗುಪ್ಪದ ಮದುವೆಗೆ ಹೋಗಿ ಬಂದ ಅಜ್ಜಿ, ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತಾಗ ಶಿವದಾರ ಹರಿದದ್ದು ಗೊತ್ತಾಗಿದೆ. ಕೊರಳಲ್ಲಿದ್ದ ಇಷ್ಟಲಿಂಗ, ಅದರ ವಸ್ತ್ರದ ಸಮೇತ, ಇಲ್ಲ. ಮದುವೆಮನೆಯಲ್ಲೋ ಬಸ್ಸಿನಲ್ಲೋ ಬಿದ್ದಿರಬೇಕು. ಲಿಂಗವಿಲ್ಲದೆ ಉಣ್ಣುವಂತಿಲ್ಲ. ಮಾವ ಬೈಕ್ ಹತ್ತಿ ಸಿರುಗುಪ್ಪಕ್ಕೆ ಹುಡುಕಲು ಹೋಗಿದ್ದ. ಹೊಸ ಲಿಂಗ ಕೊಡಬೇಕಾದ ಗುರುಗಳು, ಊರಿನ ಅಯ್ಯನವರು, ಸಿರಿಗೇರಿಯ ಗೃಹಪ್ರವೇಶಕ್ಕೆ ಹೋಗಿದ್ದರು, ಫೋನ್ ಸ್ವಿಚ್ ಆಫ್.

ಅಜ್ಜಿ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಮೈಯ ಸಕ್ಕರೆ ಇಳಿದು ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಬಾ ವಕೀಲಮ್ಮ. ನೀ ಬಂದಿ ಅಂದ್ರ ಕೋರ್ಟ್ ಸುರು ಆತು."

"ಅಜ್ಜಿ, ಶಿವ ಒಳಗದಾನ ಅಂತ ನೀನ ಹೇಳ್ತಿ. ಒಳಗಿದ್ದಾವ ಬಸ್ಸಿನ್ಯಾಗ ಕಳೀತಾನೇನು?"

"ಕಳಿಯಂಗಿಲ್ಲ."

"ಮತ್ತ ಉಣ್ಣು."

"ನಿಮ್ಮಜ್ಜನೂ ನನ್ನ ಒಳಗ ಅದಾರ. ಹಂಗಂತ ಅವರ ಫೋಟೊ ತಿಪ್ಪಿಗೆ ಒಗೀಲೇನು?"

ತೀರ್ಪುಗಾರರಿದ್ದಿದ್ದರೆ ಅಂಕ ಅವಳಿಗೇ ಬೀಳುತ್ತಿತ್ತು.

ಅತ್ತೆ ಕಣ್ಣಲ್ಲೇ ನನ್ನನ್ನು ಅಡುಗೆಮನೆಗೆ ಕರೆದಳು. "ನಿನ್ನ ಸಮುದ್ರದ ಕಲ್ಲು ತಂದೀ ಏನು? ಅದೂ ಲಿಂಗದಷ್ಟ ಐತಂತಲ್ಲ. ಅರಿವಿಯಾಗ ಸುತ್ತಿ ಸಿಕ್ತು ಅನ್ನು. ಆಕಿಗೆ ಕಣ್ಣು ಮಂಜು, ಗೊತ್ತಾಗಂಗಿಲ್ಲ. ನಾಳೆ ಅಯ್ಯನೋರು ಬಂದ ಮ್ಯಾಲೆ ಬದಲಿಸಿದ್ರಾತು."

"ನನ್ನ ಲಿಂಗ ಮನ್ಯಾಗ ಬೀರುವಿನ್ಯಾಗ ಸುಮ್ನ ಕುಂತೈತಲ್ಲ ಅತ್ತಿ, ಅದನ್ನ ತರ್ತೀನಿ."

"ಶಿವ ಶಿವ! ಒಬ್ಬರದು ಒಬ್ಬರಿಗೆ ಕಟ್ಟಾಕ ಬರಂಗಿಲ್ಲ. ಪಾಪ ಬರ್ತೈತಿ. ಬರೀ ಕಲ್ಲಿಗ್ಯಾವ ಪಾಪ?"

ಅತ್ತೆಯ ಪಾಪಶಾಸ್ತ್ರ ನನಗೆ ಅರ್ಥವಾಗಲಿಲ್ಲ. ಆದರೆ ನನ್ನ ಸಿದ್ಧಾಂತದ ಪ್ರಕಾರ ಅಡ್ಡಿ ಹೇಳಲು ಏನೂ ಇರಲಿಲ್ಲ. ಕಲ್ಲು ಕಲ್ಲೇ, ಉಳಿದದ್ದೆಲ್ಲ ನಂಬಿಕೆ ಎಂದು ವೇದಿಕೆಗಳ ಮೇಲೆ ಕೈಬೀಸಿ ಹೇಳಿದವಳು ನಾನು. ಮುದುಕಿ ಉಂಡರೆ ಸಾಕಲ್ಲ?

ಲಿಂಗದ ಮೇಲೆ ಕಂತಿ ಎಂಬ ಕಪ್ಪು ಲೇಪವಿರುತ್ತದೆ, ನನ್ನ ಕಲ್ಲು ಕಂದು. ಅತ್ತೆ ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ಕೊಟ್ಟಳು. ಬೆರಳಿನಿಂದ ತಿಕ್ಕಿದೆ. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದಾಗ ಕಾಡಿಗೆ ರಂಧ್ರಗಳೊಳಗೆ ಇಳಿದುಕೊಂಡಿತ್ತು. ಭೂತಗನ್ನಡಿಯಲ್ಲಷ್ಟೇ ಕಾಣುತ್ತಿದ್ದ ಜೋಡಿ ಸಾಲುಗಳು ಈಗ ಬರಿಗಣ್ಣಿಗೇ ಕಪ್ಪು ಹೊಲಿಗೆಯಂತೆ ಎದ್ದು ಕಂಡವು. ನಾನು ನಕಲಿ ಮಾಡಲು ಹೊರಟ ಕಲ್ಲು ತಾನು ಅಸಲಿಯೆಂದು ಅಷ್ಟು ಜೋರಾಗಿ ಎಂದೂ ಹೇಳಿರಲಿಲ್ಲ.

ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಂಚದ ಪಕ್ಕ ಕೂತೆ. ಸದ್ದಿಗೆ ಅಜ್ಜಿ ಕಣ್ಣು ತೆರೆದಳು. ಏನನ್ನೂ ಕೇಳುವ ಮೊದಲೇ ಎಡಗೈ ತಾನಾಗಿ ಚಾಚಿಕೊಂಡಿತು. ದಿನಾ ಲಿಂಗ ಹಿಡಿದು ಹಿಡಿದು ಆ ಅಂಗೈ ನಡುವೆ ಒಂದು ತಗ್ಗೇ ಬಿದ್ದಂತಿತ್ತು.

"ಸಿಕ್ತೇನು?"

ಸಿಕ್ತು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನೋಡಲು ಇದೇ ಚೆನ್ನಾಗಿದೆಯಲ್ಲ ಎಂದವನ ನೆನಪಾಯಿತು.

"ಇಲ್ಲಜ್ಜಿ. ಸಿಕ್ಕಿಲ್ಲ. ಇದು ನನ್ನ ಕಲ್ಲು."

ಬಾಗಿಲ ಹಿಂದೆ ಅತ್ತೆ ಲೊಚಗುಟ್ಟಿದ್ದು ಕೇಳಿಸಿತು. ಅಜ್ಜಿ ಬಟ್ಟೆಯ ಗಂಟನ್ನು ನನ್ನಿಂದ ತೆಗೆದುಕೊಂಡು ಬಿಚ್ಚಿ, ಕಲ್ಲನ್ನು ಬೆರಳಲ್ಲಿ ಹೊರಳಿಸಿ, ಕಪ್ಪಾದ ಬೆರಳನ್ನು ಮೂಗಿನ ಹತ್ತಿರ ಹಿಡಿದಳು.

"ಹರಳೆಣ್ಣಿ! ಅಸಲಿ ಬೇಕು ಅಸಲಿ ಬೇಕು ಅಂತ ಊರೆಲ್ಲ ಜಗಳಾಡಿದಾಕಿ ನೀನು. ನನಗಾದ್ರ ಯಾವುದಾದ್ರೂ ನಡೀತೈತೇನು?"

ನನ್ನ ಕಲ್ಲು ಅಸಲಿಯಾಗಿರುವುದು ಅದರ ಅಂದದಿಂದಲ್ಲ, ಅದು ನಡೆದು ಬಂದ ದಾರಿಯಿಂದ. ಎಂದೋ ಒಂದು ಕಡಲಲ್ಲಿ ಅದು ಬದುಕಿತ್ತು. ಅವಳ ಲಿಂಗಕ್ಕೂ ಒಂದು ದಾರಿಯಿತ್ತು: ಗುರುವಿನ ಕೈಯಿಂದ ಅವಳ ಕೈಗೆ. ನನ್ನ ಕಲ್ಲಿನ ದಾರಿಗೆ ಭೂತಗನ್ನಡಿಯ ಸಾಕ್ಷಿಯಿದೆ, ಅವಳದಕ್ಕಿಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಆದರೆ ಅಂದಕ್ಕಿಂತ ದಾರಿ ಮುಖ್ಯ ಎಂದು ಮಾರುವವನ ಜೊತೆ ಮೊದಲು ಜಗಳಾಡಿದ್ದು ನಾನೇ.

"ಅಯ್ಯನೋರನ್ನ ನಾನು ಕರ್ಕೊಂಡು ಬರ್ತೀನಿ," ಅಂದೆ. "ಅಲ್ಲೀತನಕ ಸಕ್ರಿ ನೀರರ ಕುಡಿ. ನಿನ್ನ ಕೈ ನೋಡು, ಹೆಂಗ ನಡಗಾಕತ್ತೈತಿ."

ಅಜ್ಜಿ ಕಲ್ಲನ್ನು ನನ್ನ ಕೈಗೆ ವಾಪಸ್ ಇಟ್ಟಳು. "ಸಿಕ್ತು ಅಂದಿದ್ರ ನಂಬ್ತಿದ್ನೋ ಇಲ್ಲೋ. ಇಲ್ಲ ಅಂದ್ಯಲ್ಲ, ಅವರನ್ನ ಕರ್ಕೊಂಡು ಬರ್ತೀನಿ ಅನ್ನೋ ಮಾತೂ ನಂಬ್ತೀನಿ. ಔಷಧ ಅಂತ ನೀರು ಕುಡೀತೀನಿ. ಊಟ ಮಾತ್ರ ಅವರು ಬಂದ ಮ್ಯಾಲೆ."

ಅತ್ತೆ ಲೋಟ ಹಿಡಿದು ಓಡಿ ಬಂದಳು. ಅದು ಪೂರ್ತಿ ಖಾಲಿಯಾಗಿ, ಅಜ್ಜಿಯ ಬೆರಳಿನ ನಡುಕ ನಿಂತದ್ದನ್ನು ನೋಡಿಯೇ ನಾನು ಅತ್ತೆಯ ಸ್ಕೂಟಿ ಹತ್ತಿದ್ದು.

ಸಿರಿಗೇರಿಯಲ್ಲಿ ಅಯ್ಯನವರು ಆಗಷ್ಟೇ ಊಟ ಮುಗಿಸಿ ಕೈತೊಳೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ನಿನ್ನ ಕೊರಳಾಗೇನೈತಿ?" ಅಂದರು.

"ಏನಿಲ್ರಿ."

"ಮತ್ತ ನನ್ನ ಹತ್ರ ಯಾಕ ಬಂದಿ?"

"ನನಗ ಕೇಳಾಕ ಬಂದಿಲ್ರಿ. ಅಜ್ಜಿ ಹಸಿದಾಳ್ರಿ."

"ವಾದ ಬಲ್ಲಾಕಿ ಅಂತ ಕೇಳಿದ್ದೆ," ಎಂದು ನಕ್ಕು, ಚೀಲ ಎತ್ತಿಕೊಂಡು, ಕಾವಿ ಧೋತರ ಸಾವರಿಸಿ ಸ್ಕೂಟಿಯ ಹಿಂದೆ ಕೂತರು. ದಾರಿಯುದ್ದಕ್ಕೂ "ಸಾವಕಾಶ, ಸಾವಕಾಶ" ಎಂಬುದಷ್ಟೇ ಅವರ ಉಪದೇಶ.

ಹೊತ್ತು ಮುಳುಗುವ ಮೊದಲು ಅಜ್ಜಿ, ಅಯ್ಯನವರು ಕೊಟ್ಟ ಹೊಸ ಲಿಂಗದ ಪೂಜೆ ಮುಗಿಸಿ ಎದ್ದಳು. ಮಾವ ಅಷ್ಟರಲ್ಲಿ ಬರಿಗೈಯಲ್ಲಿ ವಾಪಸಾಗಿದ್ದ. ಅತ್ತೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅಜ್ಜಿ ಮೊದಲ ತುತ್ತು ನುಂಗಿ ನನ್ನ ಕಡೆ ತಿರುಗಿದಳು.

"ನಿನ್ನ ಕಲ್ಲಿಗೆ ಮಸಿ ಮೆತ್ತೈತಲ್ಲ ವಕೀಲಮ್ಮ, ಸೀಗೇಕಾಯಿ ಹಚ್ಚಿ ತೊಳಿ."

"ತೊಳೆದ್ರ ಆ ತೂತಿನ ಸಾಲು ಕಾಣಂಗಿಲ್ಲಜ್ಜಿ. ಇರಲಿ."

"ಇರಲಿ ಬಿಡು," ಎಂದು ಅಜ್ಜಿ ತಟ್ಟೆಯನ್ನು ಅತ್ತೆಯ ಕಡೆ ಸರಿಸಿದಳು. "ಇನ್ನರ್ಧ ರೊಟ್ಟಿ ಹಾಕು."