ಎಡಗಡೆ ಚಕ್ರದ ಹಳದಿ ಗೆರೆ

ಬೇರೆಯವರು ಬಿಗಿ ಮಾಡಿದ ನಟ್ಟುಗಳ ಮೇಲೆ ಹಳದಿ ಗೆರೆ ಎಳೆಯುವುದಕ್ಕೆ ನನಗೆ ಇಪ್ಪತ್ತಾರು ವರ್ಷಗಳಿಂದ ಸಂಬಳ ಬರುತ್ತಿದೆ. ಹೀಗೆಂದರೆ ಕೇಳುವವರಿಗೆ ನಗು ಬರುತ್ತದೆ. ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದವನು. ಫಿಟ್ಟರ್ ನಟ್ಟನ್ನು ಬಿಗಿ ಮಾಡುತ್ತಾನೆ, ನಾನು ಪರೀಕ್ಷಿಸುತ್ತೇನೆ, ಸರಿಯಿದ್ದರೆ ನಟ್ಟು ಬೋಲ್ಟು ಎರಡರ ಮೇಲೂ ಹಾಯುವಂತೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆಯುತ್ತೇನೆ. ಮುಂದೆ ಎಂದಾದರೂ ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಒಮ್ಮೆ ಗೆರೆ ಬಿತ್ತೆಂದರೆ ಆ ನಟ್ಟನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಮಾಡಿದವನೇ ತಪಾಸಣೆ ಮಾಡಬಾರದು ಎನ್ನುವುದು ನಮ್ಮ ವಿಭಾಗದ ಮೊದಲ ನಿಯಮ.

ಆದರೆ ಮನೆಯಲ್ಲಿ ನಾನು ನಂಬಿಕೊಂಡು ಬಂದದ್ದು ಇನ್ನೊಂದು ಮಾತನ್ನು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ನಮ್ಮಪ್ಪ ದಾವಣಗೆರೆಯಲ್ಲಿ ಫ್ಯೂಸು ಹೋದರೂ ಕೊಡೆಯ ಕಡ್ಡಿ ಮುರಿದರೂ ಈ ಗಾದೆಯನ್ನು ಹೇಳಿಕೊಂಡೇ ರಿಪೇರಿಗೆ ಕೂರುತ್ತಿದ್ದರು. ಅವರು ರಿಪೇರಿ ಮಾಡಿದ ಕೊಡೆ ಆಮೇಲೆ ಮಡಚಿಕೊಳ್ಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕಾರ್ಖಾನೆಯ ನಿಯಮಕ್ಕೂ ಅಪ್ಪನ ಗಾದೆಗೂ ಜಗಳವಿದೆಯೆಂದು ನನಗೆ ಐವತ್ತೆರಡು ವರ್ಷ ತುಂಬುವವರೆಗೆ ಹೊಳೆದಿರಲಿಲ್ಲ. ಹೊಳೆಸಿದ್ದು ನಮ್ಮ ಕಾರು.

ಕಾರು ಹೆಸರಿಗೆ ನನ್ನದು, ಓಡಿಸುವವಳು ಶೈಲಾ, ನನ್ನ ಹೆಂಡತಿ. ಸರ್ಜಾಪುರದ ಶಾಲೆಯೊಂದರಲ್ಲಿ ಗಣಿತದ ಟೀಚರು. ಕುಂದಲಹಳ್ಳಿಯ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೆಲ್ಲ ಹೊರಟುಬಿಡುತ್ತಾಳೆ. ನಾನು ಕಂಪನಿ ಬಸ್ಸಿನವನು. ಸ್ಟಿಯರಿಂಗ್ ಹಿಡಿಯುವುದು ಭಾನುವಾರ ಸಂಜೆ, ತರಕಾರಿಗೋ ನೆಂಟರ ಮನೆಗೋ ಹೋಗುವಾಗ. ಕಳೆದ ವರ್ಷ ಒಂದು ದಿನ ಅವಳು, "ರೀ, ಮುಂದಿನ ಚಕ್ರದಲ್ಲಿ ಏನೋ ಗುಂಯ್ ಅಂತಿದೆ" ಎಂದಳು. ಆ ಭಾನುವಾರ ಕಿವಿಗೊಟ್ಟು ಓಡಿಸಿದೆ. ಏನೂ ಕೇಳಿಸಲಿಲ್ಲ. "ಏನೂ ಇಲ್ಲ ಕಣೇ, ರಸ್ತೆ ಶಬ್ದ" ಎಂದು ತೀರ್ಪು ಕೊಟ್ಟೆ. ಮುಂದಿನ ತಿಂಗಳು ಮತ್ತೆ ಹೇಳಿದಳು, ಮತ್ತೆ ಅದೇ ತೀರ್ಪು. ಹೀಗೆ ಎಂಟು ತಿಂಗಳು ನಡೆಯಿತು. ಕೊನೆಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು, ನಾನು ಶಬ್ದ ನಿಂತಿತೆಂದು ತಿಳಿದುಕೊಂಡೆ.

ಒಂದು ಶನಿವಾರ ನನಗೆ ರಜೆಯಿತ್ತು, ಅವಳಿಗೆ ಪರೀಕ್ಷೆಯ ಡ್ಯೂಟಿ. ಸರ್ಜಾಪುರದಲ್ಲಿ ಒಳ್ಳೆಯ ಸೊಪ್ಪು ಸಿಗುತ್ತದೆಂದು ಜೊತೆಗೆ ಹೊರಟೆ. ವರ್ತೂರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು, ಕಾರು ಐವತ್ತು ದಾಟಿತು, ಕಾಲಡಿಯಲ್ಲಿ ಹಿಟ್ಟಿನ ಗಿರಣಿ ಶುರುವಾಯಿತು. ಗುಂಯ್ ಎನ್ನುವುದು ಕಡಿಮೆ ಮಾತು. ಕಾರ್ಖಾನೆಯ ಸದ್ದಿಗೆ ಅರ್ಧ ಕೆಟ್ಟಿರುವ ನನ್ನ ಕಿವಿಗೂ ಅದು ಬಂದು ಬಡಿಯಿತು. ವಿಷಯ ಬಹಳ ಸರಳವಾಗಿತ್ತು. ಆ ಶಬ್ದ ಬರುತ್ತಿದ್ದದ್ದು ಐವತ್ತರ ಮೇಲೆ, ನಾನು ಕಾರು ಓಡಿಸುತ್ತಿದ್ದದ್ದು ಭಾನುವಾರ ಸಂಜೆಯ ವೈಟ್‌ಫೀಲ್ಡಿನಲ್ಲಿ. ಅಲ್ಲಿ ಮೂವತ್ತು ದಾಟಿದವರು ಯಾರಿದ್ದಾರೆ?

ಶೈಲಾ "ನಾನು ಹೇಳಲಿಲ್ವಾ" ಎನ್ನಲಿಲ್ಲ. ಎಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನಾನೇ ತಡೆಯಲಾರದೆ, "ರೇಡಿಯೋ ಹಾಕು, ಸ್ವಲ್ಪ ಮುಚ್ಚಿಹೋಗುತ್ತೆ" ಎಂದೆ. "ರೇಡಿಯೋ ಹಾಕೋದು ಬಿಟ್ಟು ತುಂಬಾ ದಿನ ಆಯ್ತು. ಇದು ಜಾಸ್ತಿ ಆದ್ರೆ ಗೊತ್ತಾಗ್ಬೇಕಲ್ಲ" ಎಂದಳು. ದಿನವೂ ಒಬ್ಬಳೇ ಆ ಶಬ್ದವನ್ನು ಕಾಯುತ್ತ, ಇವತ್ತು ನಿನ್ನೆಗಿಂತ ಹೆಚ್ಚಾಯಿತೇ ಎಂದು ಲೆಕ್ಕ ಹಾಕುತ್ತ ಹೋಗಿ ಬರುತ್ತಿದ್ದಳು. ನನಗೆ ನಾಚಿಕೆಯಾಯಿತು. ಸೊಪ್ಪು ತರುವುದನ್ನೂ ಮರೆತೆ.

ಮುಂದಿನ ಎರಡೂ ಚಕ್ರಗಳ ಹಬ್ ಸವೆದಿದೆ ಎಂದು ಗ್ಯಾರೇಜಿನವನು ಚಕ್ರ ಎತ್ತಿ ಅಲುಗಾಡಿಸಿ ಹೇಳಿದ. ಹಬ್ ಎಂದರೆ ಚಕ್ರ ಕೂರುವ ನಡುಭಾಗ. ರಥಗಳ ಕಾಲದಲ್ಲಿ ಇದನ್ನು ನಾಭಿ ಎನ್ನುತ್ತಿದ್ದರು, ಅಂದರೆ ಹೊಕ್ಕುಳು. ಒಳ್ಳೆಯ ಹೆಸರು. ಹೊಕ್ಕುಳಿನ ಹಾಗೇ ಇದೂ ಎಲ್ಲಕ್ಕೂ ನಡುವೆ ಇದ್ದು ಯಾರ ಗಮನಕ್ಕೂ ಬರುವುದಿಲ್ಲ. ಎತ್ತಿನ ಬಂಡಿಯಲ್ಲಿ ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಕಡೆಗೀಲು ಹಾಕುತ್ತಿದ್ದರು. ಬೆರಳುದ್ದದ ಕಬ್ಬಿಣ, ಇಡೀ ಬಂಡಿ ಅದರ ದಯೆಯಲ್ಲಿ. ಕಾರಿನಲ್ಲಿ ಆ ಕೆಲಸ ಮಾಡುವುದು ಅಚ್ಚಿನ ತುದಿಯ ಒಂದು ದಪ್ಪ ನಟ್ಟು. ಗ್ಯಾರೇಜಿನವನು ತಾನೇ ಹಾಕಿಕೊಡುತ್ತೇನೆ ಎಂದ. ಬೇಡ ಎಂದೆ. ಎಂಟು ತಿಂಗಳು ಅಲ್ಲಗಳೆದ ತಪ್ಪನ್ನು ನನ್ನ ಕೈಯಾರೆ ತಿದ್ದಬೇಕೆಂಬ ಹಟ ಬಂದಿತ್ತು. ಅಪ್ಪನ ಗಾದೆ ಬೇರೆ ಜೊತೆಗಿತ್ತು.

ಮುಂದಿನ ವಾರ ಹಬ್ಬದ ರಜೆ ಸೇರಿ ಮೂರು ದಿನ ಬಿಡುವು ಸಿಕ್ಕಿತು. ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಪಾರ್ಕಿಂಗಿನಲ್ಲಿ ಗೋಣಿಚೀಲ ಹಾಸಿದೆ. ಹನ್ನೆರಡು ಮನೆಗಳ ಸಣ್ಣ ಕಟ್ಟಡ. ಕಾವಲಿಗೆ ಬಸಪ್ಪ ಇದ್ದಾನೆ, ಸುರಪುರದ ಕಡೆಯವನು, ನನ್ನದೇ ವಯಸ್ಸು. ಊರಲ್ಲಿ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು. ನಾನು ಕಾರಿನ ರಿಪೇರಿ ಪುಸ್ತಕ ನೋಡಿ, ಫೋನಿನಲ್ಲಿ ವಿಡಿಯೋ ನೋಡಿ, ಆ ದಪ್ಪ ನಟ್ಟಿಗೆ ಸ್ಪ್ಯಾನರ್ ಹಾಕಿ ನೇತಾಡಿದೆ. ಅದು ಜಗ್ಗಲಿಲ್ಲ. ಬಸಪ್ಪ ಹೋಗಿ ನೀರಿನ ಪೈಪಿನ ಒಂದು ತುಂಡು ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿದ. "ಸಿಟ್ಟಿಲೆ ಆಗಂಗಿಲ್ರೀ ಸಾಹೇಬ್ರ, ಉದ್ದ ಬೇಕು" ಎಂದು ಒಂದು ಕಾಲಿಟ್ಟ. ನಟ್ಟು ಕಿರ್ ಎಂದು ಬಂತು. ಆಮೇಲೆ ಜಾಕ್ ಕೊಟ್ಟು ಚಕ್ರ ಬಿಚ್ಚಿ, ಬ್ರೇಕಿನ ಭಾಗವನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಹಳೆಯ ಹಬ್ ಅನ್ನು ಸುತ್ತಿಗೆಯಿಂದ ಬಡಿದು ಬಡಿದು ಬಿಡಿಸಿ, ಹೊಸದನ್ನು ಕೂರಿಸುವ ಹೊತ್ತಿಗೆ ಮಧ್ಯಾಹ್ನವಾಯಿತು.

ಕೊನೆಯ ಹೆಜ್ಜೆಯೇ ಮುಖ್ಯ. ಚಕ್ರ ಮೇಲಿರುವಾಗ ಆ ನಟ್ಟನ್ನು ಕೈಯಲ್ಲಿ ಸುಮ್ಮನೆ ತಿರುಗಿಸಿ ಕೂರಿಸಬೇಕು. ಚಕ್ರ ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚಿನಿಂದ ಪೂರ್ತಿ ಬಿಗಿ ಮಾಡಬೇಕು. ಈ ರೆಂಚು ಬೇಕಾದಷ್ಟು ಬಿಗಿಯಾದ ಕೂಡಲೇ "ಟಕ್" ಎನ್ನುತ್ತದೆ. ಬಲಗಡೆ ಹಾಗೇ ಮಾಡಿದೆ. ಟಕ್ ಎಂದಿತು. ಜೇಬಿನಲ್ಲಿ ಸದಾ ಇರುವ ಮಾರ್ಕರ್ ತೆಗೆದು ಹಳದಿ ಗೆರೆ ಎಳೆದೆ. ನಾನೇ ಮಾಡಿದ ಕೆಲಸದ ಮೇಲೆ ನಾನೇ ಎಳೆದ ಮೊದಲ ಗೆರೆ. ಅದನ್ನು ನೋಡುತ್ತ ಐದು ನಿಮಿಷ ಕೂತೆ.

ಭಾನುವಾರ ಎಡಗಡೆ. ಈಗ ನಾನು ಅನುಭವಸ್ಥ. ಪುಸ್ತಕ ಮೇಲೆ ಮನೆಯಲ್ಲೇ ಉಳಿಯಿತು. ಹಬ್ ಕೂರಿಸಿ, ನಟ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿದ್ದೆ, ಅಷ್ಟರಲ್ಲಿ ಶೈಲಾ ಊಟಕ್ಕೆ ಕರೆದಳು. ಊಟ ಮಾಡಿ ಬಂದೆ. ಚಕ್ರ ಹಾಕಿ, ಕಾರು ಇಳಿಸಿ, ಒಂದು ಸಲ ಬಗ್ಗಿ ನೋಡಿದೆ. ನಟ್ಟಿನ ಮೇಲೆ ಹಳದಿ ಗೆರೆ ಇತ್ತು. ಸರಿ, ಇದು ಮುಗಿದಿದೆ. ಸಾಮಾನು ಡಬ್ಬಕ್ಕೆ ತುಂಬತೊಡಗಿದೆ.

ಒಂದನೆಯ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಶೈಲಾ ಬಗ್ಗಿ ಕೇಳಿದಳು: "ಆಗೋಯ್ತಾ?"

"ಆಯ್ತು. ನಾಳಿದ್ದು ಆರಾಮಾಗಿ ಹೋಗು."

"ನಿನ್ನೆ ಟಕ್ ಅಂದಿತ್ತಲ್ಲ ರೀ. ಇವತ್ತು ಟಕ್ ಅನ್ಲೇ ಇಲ್ಲ?"

"ಅಲ್ಲಿಗೆ ಕೇಳಿಸಿರಲ್ಲ ಬಿಡು" ಎಂದೆ. ಎಂಟು ತಿಂಗಳ ಪಾಠ ಎಂಟು ದಿನಕ್ಕೇ ಅಳಿಸಿಹೋಗಿತ್ತು. ಅವಳ ಮುಖ ನೋಡಿ ಸ್ವಲ್ಪ ಮೆತ್ತಗಾಗಿ, "ಇಲ್ಲಿ ಮಾರ್ಕ್ ಇದೆ ಕಣೇ, ಬೇಕಾದ್ರೆ ಬಂದು ನೋಡು. ಬಿಗಿ ಮಾಡದೆ ನಾನು ಮಾರ್ಕ್ ಹಾಕ್ತೀನಾ?" ಎಂದೆ.

ಬಸಪ್ಪ ಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿದ. "ಗೆರಿ ಐತ್ರಿ ಸಾಹೇಬ್ರ" ಎಂದ. ಆಮೇಲೆ ಕತ್ತೆತ್ತಿ, "ಬಿಗಿ ಐತೇನ್ರಿ?" ಎಂದ.

ಬೇಸರದಿಂದಲೇ ರೆಂಚು ತೆಗೆದು ಹಾಕಿದೆ, ಇಬ್ಬರಿಗೂ ತೋರಿಸಿಬಿಡೋಣ ಎಂದು. ನಟ್ಟು ಸಲೀಸಾಗಿ ತಿರುಗಿತು. ಕಾಲು ಸುತ್ತು ತಿರುಗಿತು, ಅರ್ಧ ಸುತ್ತು ತಿರುಗಿತು. ಗೆರೆಯ ಒಂದು ತುಂಡು ಅಚ್ಚಿನ ಮೇಲೆ ನಿಂತಿತು, ಇನ್ನೊಂದು ತುಂಡು ನಟ್ಟಿನ ಜೊತೆ ಕೆಳಗೆ ಹೋಯಿತು.

ಏನಾಗಿತ್ತೆಂದು ಆಗ ಅರ್ಥವಾಯಿತು. ಇಪ್ಪತ್ತಾರು ವರ್ಷ ನನ್ನ ಮುಂದೆ ಬಂದ ಒಂದೊಂದು ನಟ್ಟನ್ನೂ ಬೇರೆ ಯಾರೋ ಬಿಗಿ ಮಾಡಿಯೇ ಕಳಿಸಿದ್ದರು. ನನ್ನ ಕೈಗೆ ಗೊತ್ತಿದ್ದದ್ದು ಗೆರೆ ಎಳೆಯುವುದೊಂದೇ. ಊಟಕ್ಕೆ ಏಳುವ ಮೊದಲು, ಬಸ್ಸು ಇಳಿಯುವವನು ಜೇಬು ಮುಟ್ಟಿ ನೋಡಿಕೊಳ್ಳುವ ಹಾಗೆ, ಆ ಕೈ ತನ್ನ ಪಾಡಿಗೆ ತಾನು ಗೆರೆ ಎಳೆದಿತ್ತು. ಊಟವಾದ ಮೇಲೆ ನಾನು ಆ ಗೆರೆಯನ್ನು ನಂಬಿದೆ. ಕಾರ್ಖಾನೆಯಲ್ಲಿ ಇಂಥ ಕೆಲಸ ಮಾಡಿದವನನ್ನು ನಾನು ಮ್ಯಾನೇಜರ್ ಮುಂದೆ ನಿಲ್ಲಿಸುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಶೈಲಾ ಹೊರಡುವವಳಿದ್ದಳು. ವರ್ತೂರು ದಾಟಿದ ಮೇಲೆ ರಸ್ತೆ ಖಾಲಿ. ಅಷ್ಟು ನೆನೆದದ್ದೇ ಗೋಣಿಚೀಲದ ಮೇಲೆ ಕೂತುಬಿಟ್ಟೆ. ಬಸಪ್ಪ ನೀರಿನ ಬಾಟಲಿ ತಂದಿಟ್ಟ.

ಶೈಲಾ ಇಳಿದು ಬಂದಳು. ಮುರಿದ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಹೇಳಬೇಕಾದ್ದನ್ನು ಈ ಸಲ ನಾನೇ ಹೇಳಿದೆ: "ನಿನಗೆ ಸರಿಯಾಗಿ ಕೇಳಿಸಿತ್ತು. ಆವಾಗ್ಲೂ, ಈಗ್ಲೂ." ಆಮೇಲೆ ಎದ್ದು ರೆಂಚು ಹಿಡಿದು ಎಳೆದೆ. ಅವಳು ಪಕ್ಕದಲ್ಲಿ ಬಗ್ಗಿ ಕಿವಿಗೊಟ್ಟಳು. ಟಕ್ ಎಂದಿತು. "ಇನ್ನೊಂದ್ಸಲ" ಎಂದಳು. ಮತ್ತೆ ಟಕ್. "ಬಲಗಡೆದೂ ಆಗ್ಲಿ" ಎಂದಳು. ಹುಟ್ಟಾ ಇನ್ಸ್‌ಪೆಕ್ಟರು, ಇಷ್ಟು ವರ್ಷ ಅವಳನ್ನು ಗಣಿತ ಕಲಿಸಲು ಬಿಟ್ಟು ನಮ್ಮ ವಿಭಾಗಕ್ಕೆ ನಷ್ಟವಾಗಿದೆ. ಎರಡೂ ಕಡೆ ಮುಗಿದ ಮೇಲೆ ಮಾರ್ಕರನ್ನು ಅವಳ ಕೈಗೆ ಕೊಟ್ಟು, "ಗೆರೆ ನೀನೇ ಎಳಿ" ಎಂದೆ. ಹಳೆಯ ಗೆರೆ ಒರೆಸಿ ಹೊಸದನ್ನು ಎಳೆದಳು. ಸೊಟ್ಟಗಿತ್ತು. ಕಪ್ಪುಹಲಗೆಯ ಮೇಲೆ ಬರೆಯುವವಳು, ಭಾಗಿಸುವ ಚಿಹ್ನೆಯ ಹಾಗೆ ಮೇಲೊಂದು ಕೆಳಗೊಂದು ಚುಕ್ಕೆಯನ್ನೂ ಇಟ್ಟಳು. ಅಪ್ಪನ ಗಾದೆಯಲ್ಲಿ ಹೆಂಡತಿ ಮಾಡಿದ್ದರ ಸುದ್ದಿಯೇ ಇಲ್ಲವೆಂದು ನನಗೆ ಆಗ ನೆನಪಾಯಿತು.

ಮಂಗಳವಾರ ಅವಳು ಹೊರಟ ಮೇಲೆ ನನಗೆ ಕಾಫಿ ಸೇರಲಿಲ್ಲ. ಏಳಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು. ಶಾಲೆ ಮುಟ್ಟಿದ್ದಳು.

"ಗುಂಯ್ ಅನ್ನೋದು ಹೋಯ್ತು ರೀ. ಇವತ್ತು ರೇಡಿಯೋ ಹಾಕ್ದೆ. ಆದ್ರೆ ಹಾಡು ನಿಂತಾಗ ಹಿಂದೆ ಎಲ್ಲೋ ಕಟಕಟ ಅಂತಿತ್ತು."

ಏನೂ ಇಲ್ಲ ಬಿಡು ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಯಾವ ಸ್ಪೀಡಲ್ಲಿ?" ಎಂದು ಕೇಳಿದೆ.

ಎಂಟು ತಿಂಗಳಲ್ಲಿ ಒಮ್ಮೆಯೂ ನಾನು ಈ ಪ್ರಶ್ನೆ ಕೇಳಿರಲಿಲ್ಲ.

"ನಲವತ್ತರಲ್ಲಿ" ಎಂದಳು. ಜೇಬಿನಲ್ಲಿದ್ದ ಮಾರ್ಕರ್ ತೆಗೆದು, ಗೋಡೆಯ ಕ್ಯಾಲೆಂಡರಿನ ಮೇಲೆ ಹಳದಿಯಲ್ಲಿ ಬರೆದುಕೊಂಡೆ: ಹಿಂದೆ, ಕಟಕಟ, ನಲವತ್ತು.