ಆಯುಧಪೂಜೆಗೆ ಬಂದ ಅಂತರಿಕ್ಷ ನೌಕೆ

ಮಾಲ್‌ನಲ್ಲಿ ಯಾವುದೋ ಸಿನಿಮಾದ ಅಂತರಿಕ್ಷ ನೌಕೆಯನ್ನು ತುಂಡು ತುಂಡಾಗಿ ಜೋಡಿಸುವ ಸೆಟ್ ನೋಡಿ ನಿಂತುಬಿಟ್ಟೆ. ಜೊತೆಗಿದ್ದ ಅತ್ತಿಗೆ, "ಪ್ಲಾಸ್ಟಿಕ್ಕಿಗೆ ಇಷ್ಟೊಂದಾ? ಬುಡಮ್ಮ, ಸಿನಿಮಾ ಹೆಸರಿಗೇ ಅರ್ಧ ದುಡ್ಡು" ಎಂದರು.

ನಾವು ಚಿಕ್ಕವರಿದ್ದಾಗ ಚಾಮರಾಜಪುರಂನ ಮನೆಯಲ್ಲಿ ಅಣ್ಣ ಊದುಬತ್ತಿಯ ಖಾಲಿ ಡಬ್ಬಿಗಳನ್ನು ಮೈದಾ ಅಂಟಿನಿಂದ ಜೋಡಿಸಿ ಇಂಥದ್ದೇ ನೌಕೆ ಮಾಡಿದ್ದ. ಮುಟ್ಟಿದರೆ ಕೈಯೆಲ್ಲ ಗಂಧದ ವಾಸನೆ. ದಸರೆಯಲ್ಲಿ ಅದನ್ನು ಪಟ್ಟದ ಗೊಂಬೆಗಳ ಪಕ್ಕದಲ್ಲೇ ಇಟ್ಟ. ಸೆರಗಿನಿಂದ ಗೊಂಬೆಗಳ ಧೂಳು ಒರೆಸುತ್ತಿದ್ದ ಅಜ್ಜಿ, "ತೆಗೆಯೋ, ರಾಜ ರಾಣಿ ಪಕ್ಕ ಕಸ ಇಡ್ತಾರೇನೋ?" ಎಂದರು.

"ಆನೆ ಇದೆ, ಕುದುರೆ ಇದೆ. ರಾಜ್ರು ಚಂದ್ರಲೋಕಕ್ಕೆ ಹೋಗೋದು ಬೇಡ್ವಾ ಅಜ್ಜಿ?"

ಅಜ್ಜಿ ಆಯುಧಪೂಜೆಯ ದಿನ ಅಪ್ಪನ ಸೈಕಲ್ಲಿಗೆ ಕುಂಕುಮ ಹಚ್ಚಿ, ಒಳಗೆ ಬಂದು ನೌಕೆಗೂ ಹಚ್ಚಿ, ಮುಂದೊಂದು ನಿಂಬೆಹಣ್ಣಿಟ್ಟರು. ಅಣ್ಣ ಬೀದಿಯ ಮಕ್ಕಳನ್ನೆಲ್ಲ ಕರೆತಂದು ತೋರಿಸಿದ.

ಅಣ್ಣ ತೀರಿಕೊಂಡದ್ದರಿಂದ ಕಳೆದ ವರ್ಷ ನಾವು ಗೊಂಬೆ ಕೂರಿಸಲಿಲ್ಲ. ಈ ವರ್ಷ ಕೂರಿಸಿದೆವು. ಆ ಸೆಟ್ಟನ್ನು ಕೊಂಡು, ಮೂರು ದಿನ ಕೂತು ಜೋಡಿಸಿ, ಪಟ್ಟದ ಗೊಂಬೆಗಳ ಪಕ್ಕದಲ್ಲೇ ಇಟ್ಟೆ. ಕೊಟ್ಟ ಬೆಲೆಗೆ ತಕ್ಕದ್ದೇ ಎಂದು ಕೇಳಿದರೆ, ಹೌದು ಎನ್ನುತ್ತೇನೆ. ಇವತ್ತು ಆಯುಧಪೂಜೆ. ಯಾರೂ ಹೇಳದೆಯೇ ಅತ್ತಿಗೆ ಕುಂಕುಮದ ಬಟ್ಟಲು, ನಿಂಬೆಹಣ್ಣು ಹಿಡಿದು ಅದರ ಮುಂದೆ ಕುಳಿತಿದ್ದಾರೆ.