ಶೂರ್ಡ್ ಅವರ ಮೂರು ಸುತ್ತು

ವೆಲ್ಡ್‌ಹೋವನ್‌ನಿಂದ ಮೊದಲ ಬಸ್ಸು ಹಿಡಿದು ಐಂಡ್‌ಹೋವನ್ ನಿಲ್ದಾಣಕ್ಕೆ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ನಾನು ಮತ್ತು ಪಾರಿವಾಳಗಳು ಮಾತ್ರ ಇದ್ದೆವು. ಕೊರೋನಾದ ಎರಡನೆಯ ವರ್ಷದ ಜೂನ್ ತಿಂಗಳು. ಟಿಕೆಟ್ಟಿಗೆ ಮೂವತ್ತು ಯೂರೋ ಹತ್ತಿರ ಆಯಿತು. ಡಚ್ಚರ ದೇಶದ ಉತ್ತರದ ತುದಿಯಲ್ಲಿ, ಫ್ರೀಸ್‌ಲ್ಯಾಂಡಿನ ಕಡಲಂಚಿನ ಒಂದು ಹಳ್ಳಿಗೆ, ಶೂರ್ಡ್ ಅವರ ಮಣ್ಣಿಗೆ ಹೊರಟಿದ್ದೆ.

ಶೂರ್ಡ್ ಹನ್ನೊಂದು ವರ್ಷ ನಮ್ಮ ಪಕ್ಕದ ಮನೆಯವರು. ಮೂವತ್ತು ದಾಟಿದ ನನಗೆ ಸೈಕಲ್ ಕಲಿಸಿದವರು. ಸೀಟು ಹಿಡಿದು ಹಿಂದೆ ಓಡುತ್ತ, ನಾನು ಬಿದ್ದರೆ ನನಗಿಂತ ಜೋರಾಗಿ ಕೂಗುತ್ತಿದ್ದರು. ನಿವೃತ್ತರಾದ ಮೇಲೆ ಹೆಂಡತಿ ಯಾಂಕೆಯೊಡನೆ ಹುಟ್ಟೂರಿಗೆ ಮರಳಿದ್ದರು. ಕೊರೋನಾ ಅಲ್ಲಿಗೂ ಹುಡುಕಿಕೊಂಡು ಹೋಯಿತು.

ನಿಜ ಹೇಳಬೇಕೆಂದರೆ ನಾನು ಹೊರಟದ್ದು ಅವರೊಬ್ಬರಿಗಾಗಿ ಅಲ್ಲ. ಹಿಂದಿನ ತಿಂಗಳು ಮೈಸೂರಿನಲ್ಲಿ ನನ್ನ ಅಕ್ಕ ಪದ್ಮ ಅದೇ ಕಾಯಿಲೆಗೆ ತೀರಿಕೊಂಡಿದ್ದಳು. ವಿಮಾನಗಳು ನಿಂತಿದ್ದವು. ಆಸ್ಪತ್ರೆಯಿಂದ ಅವಳನ್ನು ನೇರ ಚಿತಾಗಾರಕ್ಕೆ ಒಯ್ದರು. ಅಮ್ಮನಿಗೆ ಮುಖ ನೋಡಲು ಸಿಗಲಿಲ್ಲ. ಹೆಗಲು ಕೊಡಲು ನಮ್ಮವರು ಒಬ್ಬರೂ ಇರಲಿಲ್ಲ. ಒಬ್ಬರನ್ನಾದರೂ ಸರಿಯಾಗಿ ಕಳುಹಿಸಿಕೊಡುವುದನ್ನು ಕಣ್ಣಾರೆ ನೋಡಬೇಕೆಂಬ ಹಟ ನನಗೆ ಹಿಡಿದಿತ್ತು.

ಸ್ವೊಲ್ಲದಲ್ಲಿ ರೈಲು ಬದಲಿಸಿದೆ. ಮಾಸ್ಕ್ ಕೆಳಗಿಳಿಸಿ ಕಳ್ಳಿಯಂತೆ ಎರಡು ಚಪಾತಿ ತಿಂದೆ. ಲೇವಾರ್ಡನ್‌ನಿಂದ ಮುಂದೆ ಬಸ್ಸು, ಅದರಲ್ಲಿ ಮೂರೇ ಜನ. ಊರೂರಿಗೂ ಬೋರ್ಡಿನ ಮೇಲೆ ಎರಡು ಹೆಸರು, ಒಂದು ಫ್ರೀಸಿಯನ್ ಭಾಷೆಯಲ್ಲಿ, ಒಂದು ಡಚ್ಚಿನಲ್ಲಿ. ನಮ್ಮ ಗಡಿಯಲ್ಲಾಗಿದ್ದರೆ ಯಾರೋ ಒಂದಕ್ಕೆ ಮಸಿ ಬಳಿದಿರುತ್ತಿದ್ದರು. ಸಮುದ್ರ ಪಕ್ಕದಲ್ಲೇ ಇದ್ದರೂ ಕಾಣಲಿಲ್ಲ. ಹುಲ್ಲು ಬೆಳೆದ ಎತ್ತರದ ಏರಿ ಅಡ್ಡವಿತ್ತು, ಅದರ ಮೇಲೆ ಕುರಿಗಳು.

ದಿಬ್ಬದ ಮೇಲಿನ ಚರ್ಚಿನ ಬಾಗಿಲಲ್ಲಿ ಯಾಂಕೆ ನಿಂತಿದ್ದರು. ಅಪ್ಪಿಕೊಳ್ಳಲು ಮುಂದೆ ಬಂದು, ನೆನಪಾಗಿ, ಎರಡು ಮಾರು ದೂರದಲ್ಲೇ ನಿಂತರು. ಆ ಊರಿನ ಪದ್ಧತಿಯಲ್ಲಿ ಹೂಳುವ ಮೊದಲು ಶವದ ಪೆಟ್ಟಿಗೆಯನ್ನು ಹೊತ್ತು ಚರ್ಚಿಗೆ ಮೂರು ಸುತ್ತು ಬರುತ್ತಾರೆ. ಹೊರಬೇಕಾದವರು ಮನೆಯವರಲ್ಲ, ನೆರೆಯವರು. ಹೆಗಲ ಮೇಲೆ ಹೊತ್ತರೆ ಅಂತರ ಉಳಿಯುವುದಿಲ್ಲವೆಂದು ಚಕ್ರದ ಗಾಡಿ ತಂದಿದ್ದರು. ಮೂಲೆಗೊಬ್ಬರಂತೆ ನಾಲ್ವರು ಬೇಕಿತ್ತು. ಅಂದು ಬೆಳಿಗ್ಗೆ ಅವರಲ್ಲಿ ಒಬ್ಬನ ಹೆಂಡತಿಗೆ ಸೋಂಕು ಕಂಡು, ಅವನು ಮನೆಯಲ್ಲೇ ಉಳಿದಿದ್ದ. ಮಿಕ್ಕ ಮೂವರೂ ಮುದುಕರು.

"ಮೂರು ಸುತ್ತು ಆಗೋದಿಲ್ಲ, ನೇರ ಗುಂಡಿಗೆ ಹೋಗೋಣ," ಎಂದ ಒಬ್ಬ.

ಯಾಂಕೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಫ್ರೀಸಿಯನ್‌ನಲ್ಲಿ ಗಂಡನಿಗೆ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಡಚ್ಚಿನಲ್ಲಿ, "ನೀನು ಹನ್ನೊಂದು ವರ್ಷ ಪಕ್ಕದ ಮನೆಯವಳು. ನೀನೂ ನೆರೆಯವಳೇ ಅಲ್ವಾ?" ಎಂದರು.

ನಮ್ಮ ಮನೆಯಲ್ಲಿ ಹೆಂಗಸರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಮಸಣದ ದಾರಿಯನ್ನೇ ನಾನು ನೋಡಿರಲಿಲ್ಲ. ಆದರೂ ಗಾಡಿಯ ಹಿಂದಿನ ಎಡಮೂಲೆ ಹಿಡಿದೆ.

ಗಂಟೆ ಬಾರಿಸತೊಡಗಿದರು. ಸುತ್ತು ಬಲಕ್ಕೆ ಹೋಯಿತು, ನಾವು ದೇವರಿಗೆ ಹಾಕುವ ಪ್ರದಕ್ಷಿಣೆಯ ಹಾಗೆ. ಜಲ್ಲಿಯ ಮೇಲೆ ಚಕ್ರ ಸಿಕ್ಕಿಕೊಳ್ಳುತ್ತಿತ್ತು. ಗಾಳಿ ಕಡಲಿನ ಕಡೆಯಿಂದ ತಳ್ಳುತ್ತಿತ್ತು. ಮುದುಕರು ಏದುಸಿರು ಬಿಟ್ಟರೂ ನಿಲ್ಲಲಿಲ್ಲ. ಮೊದಲನೆಯ ಸುತ್ತಿನಲ್ಲಿ ಶೂರ್ಡ್ ನನ್ನ ಸೈಕಲ್ಲಿನ ಹಿಂದೆ ಓಡಿದ್ದು ನೆನಪಾಯಿತು. ಆಮೇಲೆ ಅವರು ಮರೆತೇ ಹೋದರು.

ಮಣ್ಣು ಹಾಕಿದ ಮೇಲೆ ಎಲ್ಲರೂ ಕಾಫಿಗೆ ಸೇರುವುದು ಅಲ್ಲಿನ ವಾಡಿಕೆ, ಆದರೆ ಕೊರೋನಾದಿಂದಾಗಿ ಸೇರುವಂತಿರಲಿಲ್ಲ. ಯಾಂಕೆ ಸಕ್ಕರೆ ಬ್ರೆಡ್ಡಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಗೋಡೆಯ ಮೇಲಿಟ್ಟು ಹಿಂದೆ ಸರಿದರು. ನಾನು ತೆಗೆದುಕೊಂಡೆ.

ಬಸ್ ನಿಲ್ದಾಣದಲ್ಲಿ ಕೂತು ಮೈಸೂರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಹೆಣ್ಣು ಹೆಂಗ್ಸು ನೀನು, ಹೆಣದ ಗಾಡಿ ಎಳೆದ್ಯಾ?" ಎಂದಳು ಅಮ್ಮ. ಬೈಗುಳಕ್ಕೆ ಕಾದೆ. ಬೈಯಲಿಲ್ಲ, ಕೇಳಿದಳು, "ಭಾರ ಇತ್ತೇನೇ?"

"ಇತ್ತಮ್ಮ."

"ಪದ್ಮನ್ನ ನೆನೆಸ್ಕೊಂಡ್ಯಾ?"

"ಕೊನೇ ಎರಡು ಸುತ್ತು ಅವಳನ್ನೇ ಕರ್ಕೊಂಡು ಹೋದೆ ಅಮ್ಮ."

ಅಮ್ಮ ಅತ್ತಳು. ನಾನೂ ಅತ್ತೆ. ಬಸ್ಸು ಬಂದು ನಿಂತಿತು. ನಾನು ಏಳದ್ದನ್ನು ನೋಡಿ ಡ್ರೈವರ್ ಬಾಗಿಲು ಮುಚ್ಚಿ ಹೊರಟುಹೋದ. ಮುಂದಿನ ಬಸ್ಸು ಇನ್ನೊಂದು ಗಂಟೆಗೆ ಇತ್ತು.